ಬಚ್ಚಲ ನೀರೇಕೆ ನಿಲ್ಲುತ್ತದೆ?

ಅಶೋಕನ ಶಿಲಾಶಾಸನದಿಂದ ಪ್ರಸಿದ್ಧವಾದ ಬ್ರಹ್ಮಗಿರಿಯ ಸುತ್ತಣ ನಾಡು ಮಳೆ ಕಡಿಮೆಯಾದ ಬಯಲುಸೀಮೆ. ಇಂಥಲ್ಲಿ ಅಂತರ್ಜಲವೇ ದೊಡ್ಡ ಆಸರೆ. ಬಂಡೆಗಳ ಬಿರುಕುಗಳಲ್ಲಿ ಸಂಚರಿಸುವ ಈ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುವುದುಂಟು. ಗಡಸು ನೀರಿನಲ್ಲಿ ಸಾಬೂನಿನ ಒಂದಂಶ ನೊರೆಯಾಗದೆ, ಕರಗದ ಗಷ್ಟಾಗಿ ಬೇರ್ಪಡುತ್ತದೆ. ಉದುರಿದ ಕೂದಲು ಕೊಳವೆಯಲ್ಲಿ ಬಲೆಯಂತೆ ಹೆಣೆದುಕೊಂಡಾಗ ಈ ಗಷ್ಟು ಅದಕ್ಕೆ ಮೆತ್ತಿಕೊಳ್ಳುತ್ತದೆ. ಕೊಳವೆಯ ಒಳವ್ಯಾಸ ಅರ್ಧಕ್ಕಿಳಿದರೆ ನೀರಿನ ದಾರಿಯ ವಿಸ್ತೀರ್ಣ ಕಾಲುಭಾಗಕ್ಕಿಳಿಯುತ್ತದೆ; ಬಚ್ಚಲಲ್ಲಿ ನೀರು ನಿಲ್ಲುತ್ತದೆ.

ಮೊದಲು ತೂಬಿನ ಜಾಲರಿಯನ್ನು ತೆಗೆದು, ತುದಿ ಬಗ್ಗಿಸಿದ ತಂತಿಯಿಂದ ಕೂದಲನ್ನು ಮೇಲಕ್ಕೆಳೆಯಬೇಕು. ಕೆಳಕ್ಕೆ ನೂಕಿದರೆ ತಡೆ ಇನ್ನೂ ಆಳಕ್ಕೆ ಸರಿದೀತು.

ಇದರಿಂದಲೂ ಆಗದಿದ್ದರೆ ಹಿಡಿಯುಳ್ಳ ರಬ್ಬರ್ ಬಟ್ಟಲನ್ನು ತೂಬಿನ ಮೇಲೆ ಕವುಚಿ ಒತ್ತಬೇಕು. ಬಟ್ಟಲ ಬಾಯಿಯ ವಿಸ್ತೀರ್ಣ 80 ಚದರ ಸೆಂಟಿಮೀಟರು, ನಾವು ಒತ್ತುವ ಬಲ 10 ಕಿಲೋಗ್ರಾಂ ತೂಕದಷ್ಟು ಎಂದಿಟ್ಟುಕೊಳ್ಳೋಣ. ಆಗ ಹುಟ್ಟುವ ಒತ್ತಡ 125 ಸೆಂಟಿಮೀಟರು ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ! ಬಚ್ಚಲಲ್ಲಿ ನಿಂತ 5 ಸೆಂಟಿಮೀಟರು ನೀರಿನ ಒತ್ತಡಕ್ಕಿಂತ ಇದು 25 ಪಟ್ಟು ಹೆಚ್ಚು. ಪ್ಯಾಸ್ಕಲನ ನಿಯಮದಂತೆ ಈ ಒತ್ತಡವನ್ನು ನೀರು ತಡೆಯವರೆಗೂ ಒಯ್ಯುತ್ತದೆ. ಬಟ್ಟಲಿನ ಅಂಚು ನೀರಿನಲ್ಲಿ ಮುಳುಗಿರಬೇಕು. ಒಳಗೆ ಗಾಳಿಯಿದ್ದರೆ ಅದು ಕುಗ್ಗಿ ನಮ್ಮ ಶ್ರಮವನ್ನು ನುಂಗುತ್ತದೆ.

ಅವಸರದಲ್ಲಿ ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಸುರಿಯಲೇಬಾರದು. ಅವು ಕೂಡಿದಾಗ ಹೊಮ್ಮುವ ಕ್ಲೋರಿನ್ ಅನಿಲವು ಮುಚ್ಚಿದ ಬಚ್ಚಲುಮನೆಯಲ್ಲಿ ಪ್ರಾಣಕ್ಕೇ ಎರವಾದೀತು. ವಾರಕ್ಕೊಮ್ಮೆ ಜಾಲರಿಯ ಕೂದಲನ್ನು ತೆಗೆಯುತ್ತಿದ್ದರೆ ಇಷ್ಟೆಲ್ಲ ಶ್ರಮವೇ ಬೇಕಾಗದು.