ಫಲಕದ ಹಿಂದಿನ ಪೆಟ್ಟಿಗೆ



ಸಿಂಗಪುರದಲ್ಲಿರುವ ನಮ್ಮಲ್ಲಿ ಅನೇಕರು ರಜೆಗೆ ಬೀಜಿಂಗ್ ನೋಡಿ ಬರುತ್ತಾರೆ. ಈ ಸಲ ಹೋಗುವವರಿಗೆ ನನ್ನದೊಂದು ಸಲಹೆ. ಅಲ್ಲಿನ ‘ನಿಷಿದ್ಧ ನಗರ’ದ ಒಳ ಅರಮನೆಯಲ್ಲಿ ಒಂದು ಸಿಂಹಾಸನವಿದೆ. ಅದರ ಮೇಲೆ ತೂಗುಹಾಕಿರುವ, ನಾಲ್ಕೇ ಅಕ್ಷರಗಳ ಫಲಕವನ್ನು ತಪ್ಪದೆ ನೋಡಿ. ಚೀನಾದ ಕೊನೆಯ ರಾಜವಂಶವಾದ ಚಿಂಗ್ ಮನೆತನದಲ್ಲಿ ಮುಂದಿನ ದೊರೆ ಯಾರೆಂಬ ಗುಟ್ಟು ಅಡಗಿರುತ್ತಿದ್ದುದು ಅದರ ಹಿಂದೆ!

ನಾನು ಮೊದಲು ಅಂದುಕೊಂಡಿದ್ದು, ನಮ್ಮ ರಾಜರ ಕಥೆಗಳ ಹಾಗೆ ಹಿರಿಯ ಮಗನಿಗೇ ಪಟ್ಟ ಇರಬೇಕು ಎಂದು. 1644ರಿಂದ 1912ರವರೆಗೆ ಬೀಜಿಂಗ್‌ನಿಂದ ಆಳಿದ ಈ ಮಂಚೂ ಜನರಲ್ಲಿ ಅಂಥ ಕಟ್ಟುನಿಟ್ಟು ಇರಲಿಲ್ಲ. 1661ರಲ್ಲಿ ಶುನ್‌ಜಿ ಚಕ್ರವರ್ತಿ ಸಿಡುಬಿನಿಂದ ತೀರಿಕೊಂಡಾಗ ಪಟ್ಟ ಸಿಕ್ಕಿದ್ದು ಅವನ ಮೂರನೆಯ ಮಗ ಕಾಂಗ್‌ಶಿಗೆ. ಆ ಹುಡುಗನಿಗೆ ಆಗಲೇ ಸಿಡುಬು ಬಂದು ವಾಸಿಯಾಗಿತ್ತು, ಮತ್ತೆ ಬರುವ ಭಯವಿರಲಿಲ್ಲ ಎಂಬುದೂ ಒಂದು ಕಾರಣ. ಆರು ವರ್ಷದ ಆ ಬಾಲಕ ಮುಂದೆ 61 ವರ್ಷ ಆಳಿದ!

ಅಷ್ಟು ಸಮರ್ಥನೂ ಸೋತದ್ದು ಮಕ್ಕಳ ವಿಷಯದಲ್ಲಿ. ಯಿನ್‌ರೆಂಗ್ ಎಂಬ ಮಗನನ್ನು ಅವನು ಇನ್ನೂ ಕೂಸಾಗಿದ್ದಾಗಲೇ ಯುವರಾಜನೆಂದು ಸಾರಿದ. ಅವನ ಸುತ್ತ ಒಂದು ಗುಂಪು ಕಟ್ಟಿತು, ಅವನ ವಿರುದ್ಧ ಸೋದರರ ಗುಂಪುಗಳು ಹುಟ್ಟಿದವು. 1708ರಲ್ಲಿ ತಂದೆ ಅವನನ್ನು ತೆಗೆದುಹಾಕಿದ, ಮರುವರ್ಷ ಮತ್ತೆ ಕೂರಿಸಿದ, 1712ರಲ್ಲಿ ಪೂರ್ತಿಯಾಗಿ ತಳ್ಳಿ ಸೆರೆಯಲ್ಲಿಟ್ಟ. ಆಮೇಲೆ ಯಾರ ಹೆಸರನ್ನೂ ಬಹಿರಂಗವಾಗಿ ಹೇಳಲೇ ಇಲ್ಲ. 1722ರಲ್ಲಿ ತಂದೆ ತೀರಿಕೊಂಡಾಗ ನಾಲ್ಕನೆಯ ಮಗ ಯೊಂಗ್‌ಜಂಗ್ ಗದ್ದುಗೆ ಏರಿದ. ಉಯಿಲಿನಲ್ಲಿದ್ದ ‘ಹದಿನಾಲ್ಕನೆಯ ಮಗ’ ಎಂಬುದನ್ನು ತಿದ್ದಿ ‘ನಾಲ್ಕನೆಯ ಮಗ’ ಮಾಡಿದ ಎಂಬ ಪುಕಾರು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಇಂಥ ಪತ್ರಗಳನ್ನು ಮಂಚೂ ಭಾಷೆಯಲ್ಲೂ ಬರೆಯುತ್ತಿದ್ದುದರಿಂದ ಹಾಗೆ ತಿದ್ದುವುದು ಸುಲಭವಿರಲಿಲ್ಲ ಎನ್ನುತ್ತಾರೆ ಇತಿಹಾಸಕಾರರು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಊರಿನ ಮನೆ. ತಾತ ಏನನ್ನೂ ಬರೆದಿಡದೆ ಹೋದರು. ನಮ್ಮ ತಂದೆ ಮತ್ತು ದೊಡ್ಡಪ್ಪನವರ ನಡುವೆ ಹಜಾರದ ಮಧ್ಯೆ ಗೋಡೆ ಎದ್ದಿತು. ಸಾಮ್ರಾಜ್ಯವಿರಲಿ, ಎರಡು ಅಂಕಣದ ಮನೆಯಿರಲಿ, ಹಿರಿಯರ ಮನಸ್ಸಿನಲ್ಲಿದ್ದದ್ದು ಏನೆಂದು ತಿಳಿಯದಿದ್ದರೆ ಉಳಿದವರ ಗತಿ ಒಂದೇ!

ಯೊಂಗ್‌ಜಂಗ್ ತಾನು ಅನುಭವಿಸಿದ್ದು ತನ್ನ ಮಕ್ಕಳಿಗೆ ಬೇಡವೆಂದು 1723ರಲ್ಲಿ ಹೊಸ ಪದ್ಧತಿ ತಂದ. ಆರಿಸಿದ ಮಗನ ಹೆಸರು ಬರೆದು, ಪೆಟ್ಟಿಗೆಯಲ್ಲಿಟ್ಟು ಮುದ್ರೆ ಹಾಕಿ ಆ ಫಲಕದ ಹಿಂದೆ ಇರಿಸಿದ. ಇನ್ನೊಂದು ಪ್ರತಿ ತನ್ನ ಬಳಿ. ತಾನು ಸತ್ತ ಮೇಲೆ ಎರಡನ್ನೂ ತಾಳೆ ನೋಡಬೇಕು. ಹೆಸರು ಗೊತ್ತಿಲ್ಲದ ಮೇಲೆ ಗುಂಪು ಕಟ್ಟುವುದು ಯಾರ ಸುತ್ತ? ಎಲ್ಲ ಮಕ್ಕಳೂ ಓದಬೇಕು, ಬಿಲ್ಲುವಿದ್ಯೆ ಕಲಿಯಬೇಕು, ನಡತೆ ತಿದ್ದಿಕೊಳ್ಳಬೇಕು. ಬೇಕಾದರೆ ತಂದೆ ಸದ್ದಿಲ್ಲದೆ ಹೆಸರು ಬದಲಿಸಲೂಬಹುದು.

ಉಪಾಯ ಫಲಿಸಿತು. 1735ರಲ್ಲಿ ಚಿಯಾನ್‌ಲೊಂಗ್ ಜಗಳವಿಲ್ಲದೆ ದೊರೆಯಾದ. ತಾತನಿಗಿಂತ ಹೆಚ್ಚು ಕಾಲ ಆಳಬಾರದೆಂದು ಅವನು 60 ವರ್ಷದ ನಂತರ, 1796ರಲ್ಲಿ, ಮಗನಿಗೆ ಪಟ್ಟ ಬಿಟ್ಟುಕೊಟ್ಟ. ಆದರೆ 1799ರಲ್ಲಿ ಸಾಯುವವರೆಗೂ ಅಧಿಕಾರದ ಬೀಗದಕೈ ಮಾತ್ರ ಅವನ ಸೊಂಟದಲ್ಲೇ! 1846ರಲ್ಲಿ ದಾವ್‌ಗುವಾಂಗ್ ಬರೆದಿಟ್ಟ ಪತ್ರ ಬೀಜಿಂಗ್‌ನ ಪತ್ರಾಗಾರದಲ್ಲಿ ಇಂದಿಗೂ ಇದೆ. ನಾಲ್ಕನೆಯ ಮಗನಿಗೆ ಪಟ್ಟ, ಆರನೆಯ ಮಗನಿಗೆ ದೊಡ್ಡ ಪದವಿ ಎಂದು ಎರಡನ್ನೂ ಒಟ್ಟಿಗೇ ಬರೆದಿದ್ದಾನೆ. ಸೋತ ಮಗನನ್ನೂ ಮರೆಯದ ತಂದೆ!

ಮುಂದೆ ಪೆಟ್ಟಿಗೆಗೆ ಕೆಲಸವೇ ಇಲ್ಲದಾಯಿತು. ಶಿಯಾನ್‌ಫಂಗ್ 1861ರಲ್ಲಿ ತೀರಿಕೊಂಡಾಗ ಅವನಿಗೆ ಉಳಿದಿದ್ದವನು ಐದು ವರ್ಷದ ಒಬ್ಬನೇ ಮಗ, ತುಂಗ್‌ಜಿ. ಅವನೂ 1875ರಲ್ಲಿ, 18ನೇ ವಯಸ್ಸಿಗೆ, ಮಕ್ಕಳಿಲ್ಲದೆ ಹೋದ. ಆಗ ರಾಜಮಾತೆ ಸಿಶಿ ತನ್ನ ತಂಗಿಯ ಮಗನಾದ ಮೂರು ವರ್ಷದ ಗುವಾಂಗ್‌ಶುವನ್ನು ತಂದು ಕೂರಿಸಿದಳು. 1908ರ ನವೆಂಬರ್ 14ರಂದು ಅವನು, ಮರುದಿನವೇ ಅವಳು ಸತ್ತರು. ಅವಳ ಕೊನೆಯ ಆಯ್ಕೆ ಪುಯಿ. ವಯಸ್ಸು ಇನ್ನೂ ಮೂರು ತುಂಬಿರಲಿಲ್ಲ. ಪಟ್ಟಾಭಿಷೇಕದಲ್ಲಿ ಮಗು ಅತ್ತಾಗ, ಇನ್ನೇನು ಮುಗಿದುಹೋಗುತ್ತದೆ ಎಂದು ತಂದೆ ಸಂತೈಸಿದನಂತೆ. ಅಪಶಕುನವೆಂದು ಸುತ್ತಲಿದ್ದವರು ಗಾಬರಿಯಾದರಂತೆ. 1912ರ ಫೆಬ್ರವರಿ 12ರಂದು ನಿಜವಾಗಿಯೂ ಎಲ್ಲ ಮುಗಿಯಿತು. ಪುಯಿ ಮುಂದೆ ಬೀಜಿಂಗ್‌ನ ಸಸ್ಯೋದ್ಯಾನದಲ್ಲಿ ಗಿಡಗಳಿಗೆ ನೀರು ಹಾಕಿ ಬದುಕಿ 1967ರಲ್ಲಿ ತೀರಿಕೊಂಡ.

ಬರೆದಿಟ್ಟ ಚೀಟಿ ಅಣ್ಣತಮ್ಮಂದಿರ ಹೊಡೆದಾಟವನ್ನು ನೂರಕ್ಕೂ ಹೆಚ್ಚು ವರ್ಷ ತಡೆಯಿತು. ಅದು ನಿಂತಿದ್ದು ಬೆಳೆದ, ಕಲಿತ, ಪರೀಕ್ಷೆಗೆ ಒಡ್ಡಿಕೊಂಡ ನಾಲ್ಕಾರು ಮಕ್ಕಳ ಮೇಲೆ. ಆರಿಸಲು ಕೂಸುಗಳು ಮಾತ್ರ ಉಳಿದಾಗ, ಆರಿಸಿದವರೇ ದೊರೆಗಳಾದರು. ಉಯಿಲು ಬರೆಯೋಣ, ಅದು ಬೇಕು. ಜೊತೆಗೆ ಮಕ್ಕಳನ್ನೂ ತಯಾರು ಮಾಡೋಣ. ಏನಂತೀರಿ?