ಹದಿನೈದು ದಿನದ ಲೆಕ್ಕ, ಎರಡು ವರ್ಷದ ಕರುಳು

ಕಾಪುವಿನ ನಮ್ಮ ಮನೆಯಲ್ಲಿ ಕಾಯಿಲೆಯವರಿಗೆ ಮೊದಲು ಕೊಡುವುದು ಎಳನೀರು. ರಕ್ತ ಸಂಚಾರ ನಿಂತು ಕೊಳೆತ ಸಣ್ಣ ಕರುಳಿನ ಬಹುಭಾಗವನ್ನು ಕಳೆದುಕೊಂಡು ನಾನು ಆಸ್ಪತ್ರೆಯಿಂದ ಮರಳಿದಾಗಲೂ ಹಾಗೆಯೇ ಆಯಿತು. ಬಿಡುಗಡೆ ಪತ್ರದಲ್ಲಿ ‘ಮೆದು ಆಹಾರ, ಸಾಕಷ್ಟು ನೀರು’ ಎಂದಷ್ಟೇ ಇತ್ತು. ಕುಡಿದಷ್ಟೂ ಭೇದಿ, ಭೇದಿಯಾದಷ್ಟೂ ಬಾಯಾರಿಕೆ. ಹತ್ತನೆಯ ದಿನ ಎದ್ದು ನಿಲ್ಲಲಾರದೆ ಕುಸಿದಾಗ, ಕಾರ್ಕಳದಿಂದ ಬಂದ ವೈದ್ಯ ಮಿತ್ರರು ಕಾರಣ ವಿವರಿಸಿದರು. ಕರುಳು ಗಿಡ್ಡವಾದವರಲ್ಲಿ ಉಪ್ಪಿನಂಶ ಕಡಿಮೆಯಿರುವ ದ್ರವವು ದೇಹದ ಸೋಡಿಯಂ ಅನ್ನೂ ಸೆಳೆದುಕೊಂಡು ಹೊರಹೋಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಅಲ್ಪ. ಅವರು ಕುಡಿಸಿದ್ದು ಓಆರ್‌ಎಸ್. 1971ರಲ್ಲಿ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಕಾಲರಾ ರೋಗಿಗಳನ್ನು ಉಳಿಸಿದ್ದು ಇಂಥದೇ ಉಪ್ಪು–ಗ್ಲೂಕೋಸ್ ದ್ರಾವಣದಿಂದ.

ಉಳಿದ ಕರುಳು ಸುಮ್ಮನಿರುವುದಿಲ್ಲ. ಆಹಾರ ಹಾದುಹೋಗುತ್ತಿದ್ದರೆ, ಒಂದೆರಡು ವರ್ಷಗಳಲ್ಲಿ ಅದರ ಒಳಪದರದ ಬೆರಳಿನಂಥ ಚಾಚುಗಳು ಉದ್ದವಾಗಿ ಹೀರುವ ಶಕ್ತಿ ಹೆಚ್ಚುತ್ತದೆ. ದೊಡ್ಡ ಕರುಳು ಉಳಿದವರಿಗೆ ಇನ್ನೊಂದು ಆಸರೆಯುಂಟು. ಜೀರ್ಣವಾಗದೆ ಕೆಳಗಿಳಿದ ಗಂಜಿಯ ಪಿಷ್ಟವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಬ್ಯುಟಿರೇಟ್ ಮುಂತಾದ ಕಿರು ಕೊಬ್ಬಿನಾಮ್ಲಗಳನ್ನಾಗಿಸುತ್ತವೆ. ಕರುಳು ಅವನ್ನು ಹೀರಿಕೊಳ್ಳುತ್ತದೆ. ಕೆಲವರಲ್ಲಿ ದಿನಕ್ಕೆ ಸುಮಾರು 1000 ಕ್ಯಾಲೊರಿಗಳವರೆಗೆ ಹೀಗೆ ಮರಳಿ ದೊರೆಯುವುದುಂಟು. ಅರ್ಥಶಾಸ್ತ್ರ ಓದಿದ ನನಗೆ ಉಡುಪಿಯಲ್ಲಿ 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ ನೆನಪಾಯಿತು: ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಬಿಡದೆ ಸಂಗ್ರಹಿಸುವ ಏರ್ಪಾಡು. ಆದರೆ ಸಕ್ಕರೆ ಅತಿಯಾದರೆ ಇವೇ ಬ್ಯಾಕ್ಟೀರಿಯಾಗಳಿಂದ ಡಿ–ಲ್ಯಾಕ್ಟಿಕ್ ಆಮ್ಲ ಹೆಚ್ಚಿ ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ; ನೋಡಿದವರು ಕುಡಿದಿದ್ದಾನೆ ಎಂದುಕೊಳ್ಳುತ್ತಾರೆ. ಮಠದ ಊಟದಲ್ಲಿ ಪಾಯಸದ ಸರದಿ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುವುದನ್ನು ಈಗ ಕಲಿತಿದ್ದೇನೆ.

ಇದೆಲ್ಲ ನಡೆಯುವುದು ಅಡುಗೆಮನೆಯಲ್ಲಿ. ಆಯುಷ್ಮಾನ್ ಭಾರತ್ ಯೋಜನೆ ಭರಿಸುವುದು ಬಿಡುಗಡೆಯ ನಂತರದ 15 ದಿನಗಳ ವೆಚ್ಚವನ್ನು ಮಾತ್ರ. ಸೇವೆಯಲ್ಲಿದ್ದಾಗ ವೈದ್ಯಕೀಯ ಮರುಪಾವತಿಯ ಕಡತಗಳಲ್ಲಿ ‘ಚಿಕಿತ್ಸೆ ಪೂರ್ಣಗೊಂಡಿದೆ’ ಎಂಬ ಷರಾ ನೋಡಿ, ಎರಡನೆಯ ಪ್ರಶ್ನೆ ಕೇಳದೆ ನಾನೂ ಸಹಿ ಮಾಡಿದ್ದೇನೆ. ಮಣಿಪಾಲದಲ್ಲಿ 1953ರಿಂದಲೂ ವೈದ್ಯಕೀಯ ಕಾಲೇಜಿರುವ ಈ ಜಿಲ್ಲೆಯಲ್ಲಿ, ಕಾಪು, ಕಾರ್ಕಳದ ಸರ್ಕಾರಿ ಆಸ್ಪತ್ರೆಗಳಲ್ಲಿ ತಿಂಗಳಿಗೊಮ್ಮೆ ಆಹಾರ ತಜ್ಞರೊಬ್ಬರು ಕುಳಿತು ಇಂಥ ರೋಗಿಗಳ ತೂಕ ನೋಡಿ, ಬಿ12 ಚುಚ್ಚುಮದ್ದು ಬೇಕೇ ಎಂದು ವಿಚಾರಿಸುವ ವ್ಯವಸ್ಥೆಗೆ ದೊಡ್ಡ ಅನುದಾನವೇನೂ ಬೇಕಿಲ್ಲ. ಅಲ್ಲಿಯವರೆಗೆ, ಪರಿಚಯದ ವೈದ್ಯರಿಲ್ಲದ ಮನೆಗಳಿಗಾಗಿ, ಬಿಡುಗಡೆ ಪತ್ರವನ್ನಾದರೂ ಕನ್ನಡದಲ್ಲಿ, ಓಆರ್‌ಎಸ್ ಕಲಸುವ ಅಳತೆ ಸಹಿತ ಕೊಡಲಿ.