ಟಾರ್ಪೆಡೊ ಗುರಿ: ಲೆಕ್ಕ ಯಾರ ಪಾಲಿಗೆ?

ಒಂದು ಕಿಲೋಮೀಟರ್ ಆಚೆ ಸರಕು ಹಡಗೊಂದು 8 ನಾಟ್ ವೇಗದಲ್ಲಿ ಸಾಗುತ್ತಿದೆ. ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಯ ವಿದ್ಯುತ್ ಟಾರ್ಪೆಡೊ 30 ನಾಟ್ ವೇಗದ್ದು. ಹಡಗಿನ ಹಾದಿಯನ್ನು ಅದು ಮುಟ್ಟಲು ಸುಮಾರು 65 ಸೆಕೆಂಡ್ ಬೇಕು. ಅಷ್ಟರಲ್ಲಿ ಹಡಗು 267 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಟಾರ್ಪೆಡೊ ಹೋಗಬೇಕಾದದ್ದು ಹಡಗು ಇನ್ನೂ ತಲುಪದ ಜಾಗಕ್ಕೆ.

ಆ ಜಾಗ ಯಾವುದೆಂದು ಲೆಕ್ಕ ಹಾಕುವವರು ಯಾರು? ಜಲಾಂತರ್ಗಾಮಿ ಆಟಗಳಲ್ಲಿ ಕಷ್ಟದ ಮಟ್ಟ ಆರಿಸುವಾಗ ಆಟಗಾರ ತೀರ್ಮಾನಿಸುವುದು ಇದನ್ನೇ.

ಯೂಬಿಸಾಫ್ಟ್ 2005ರಲ್ಲಿ ಹೊರತಂದ ‘ಸೈಲೆಂಟ್ ಹಂಟರ್ 3’ ಆಟದ ಸುಲಭ ಕ್ರಮದಲ್ಲಿ ಪೆರಿಸ್ಕೋಪನ್ನು ಹಡಗಿನ ಮೇಲೆ ನೆಟ್ಟರೆ ಸಾಕು, ಉಳಿದ ಲೆಕ್ಕ ಆಟದ್ದೇ. ಕೈಯಾರೆ ಗುರಿಯಿಡುವ ಆಯ್ಕೆ ತೆಗೆದುಕೊಂಡರೆ ಮೂರು ಅಂಕಿಗಳನ್ನು ಆಟಗಾರನೇ ಹುಡುಕಬೇಕು. ಹಡಗಿನ ಕೂವೆಕಂಬದ ಎತ್ತರ ಗೊತ್ತಿದ್ದರೆ, ಅದು ಕಣ್ಣಿಗೆ ಕಾಣುವ ಕೋನದಿಂದ ದೂರ ಸಿಗುತ್ತದೆ. ಹಡಗಿನ ಉದ್ದ ಗೊತ್ತಿದ್ದರೆ, ಅದು ಪೆರಿಸ್ಕೋಪಿನ ನಡುಗೆರೆಯನ್ನು ದಾಟಲು ಹಿಡಿಯುವ ಸಮಯದಿಂದ ವೇಗ ತಿಳಿಯುತ್ತದೆ. ಹಡಗು ಯಾವ ಕಡೆಗೆ ಎಷ್ಟು ಓರೆಯಾಗಿ ಮುಖಮಾಡಿದೆ ಎಂಬುದನ್ನು ಮಾತ್ರ ಬಹುಮಟ್ಟಿಗೆ ಕಣ್ಣಂದಾಜಿನಲ್ಲೇ ಹೇಳಬೇಕು.

ವೇಗದ ಅಂಕಿ ತಪ್ಪಿದರೆ ಪೆಟ್ಟು ದೊಡ್ಡದು. ಲಿಬರ್ಟಿ ಮಾದರಿಯ ಸರಕು ಹಡಗಿನ ಉದ್ದ ಸುಮಾರು 135 ಮೀಟರ್. ಅದರ ನಟ್ಟನಡುವಿಗೆ ಗುರಿಯಿಟ್ಟು ವೇಗವನ್ನು ಒಂದೇ ಒಂದು ನಾಟ್ ತಪ್ಪಾಗಿ ಎಣಿಸಿದರೆ, ಒಂದು ಕಿಲೋಮೀಟರ್ ದೂರದಲ್ಲಿ ಟಾರ್ಪೆಡೊ 33 ಮೀಟರ್ ಆಚೀಚೆ ಬಡಿಯುತ್ತದೆ. ಮೂರು ಕಿಲೋಮೀಟರ್ ದೂರದಲ್ಲಿ ಅದೇ ತಪ್ಪು 100 ಮೀಟರಿಗೆ ಬೆಳೆದು, ಟಾರ್ಪೆಡೊ ಹಡಗನ್ನು ಸೋಕದೆ ಹೋಗುತ್ತದೆ.

ಕೈಲೆಕ್ಕ ಹೊಸದಾಗಿ ಕಲಿಯುವವರಿಗೆ ಒಂದು ಸೊಗಸಾದ ದಾರಿಯಿದೆ. ಜಲಾಂತರ್ಗಾಮಿಯನ್ನು ಹಡಗಿನ ಹಾದಿಗೆ ಲಂಬವಾಗಿ ನಿಲ್ಲಿಸಿ, ಹಡಗು ಬರುವ ಕಡೆಗೆ ಪೆರಿಸ್ಕೋಪನ್ನು 15 ಡಿಗ್ರಿ ತಿರುಗಿಸಿ ಕಾಯಬೇಕು. ಹಡಗಿನ ನಡುಭಾಗ ನಡುಗೆರೆಗೆ ಬಂದೊಡನೆ ಟಾರ್ಪೆಡೊವನ್ನು ನೇರ ಮುಂದಕ್ಕೆ ಬಿಡಬೇಕು. 8 ನಾಟ್ ಹಡಗು, 30 ನಾಟ್ ಟಾರ್ಪೆಡೊ ಎಂಬ ಅನುಪಾತವೇ ಈ ಕೋನವನ್ನು ಕೊಡುತ್ತದೆ. ದೂರ ಇಮ್ಮಡಿಯಾದರೆ ಹಡಗು ಕ್ರಮಿಸುವ ಹಾದಿಯೂ ಇಮ್ಮಡಿ, ಕೋನ ಮಾತ್ರ ಅಷ್ಟೇ. ಮೂರರಲ್ಲಿ ಒಂದು ಅಂಕಿಯ ಗೊಡವೆಯೇ ತಪ್ಪುತ್ತದೆ! ನಕ್ಷೆಯಲ್ಲಿ ಹಡಗುಗಳ ಗುರುತು ಕಾಣುವ ಆಯ್ಕೆಯನ್ನು ಆಗ ಉಳಿಸಿಕೊಂಡರೆ ದಿಕ್ಕನ್ನೂ ವೇಗವನ್ನೂ ಅಳತೆಪಟ್ಟಿಯಿಂದ ತಾಳೆ ನೋಡಬಹುದು.

ಎಲ್ಲವನ್ನೂ ಒಬ್ಬನೇ ಮಾಡಿದರಷ್ಟೇ ನೈಜ ಎಂದುಕೊಳ್ಳಬೇಕಿಲ್ಲ. ಅಮೆರಿಕದ ಜಲಾಂತರ್ಗಾಮಿಗಳಲ್ಲಿ ಕಪ್ತಾನ ಪೆರಿಸ್ಕೋಪಿನಲ್ಲಿ ಕಂಡದ್ದನ್ನು ಕೂಗಿ ಹೇಳುತ್ತಿದ್ದ, ಅಂಕಿಗಳನ್ನು ಯಾಂತ್ರಿಕ ಗಣಕಕ್ಕೆ ತುಂಬಲು ಬೇರೆ ತಂಡವೇ ಇತ್ತು. ಆಟದಲ್ಲಿ ಶಸ್ತ್ರಾಧಿಕಾರಿಯ ನೆರವು ಪಡೆಯುವುದೂ ಇತಿಹಾಸಕ್ಕೆ ಹತ್ತಿರದ್ದೇ.

ಸಿಡಿಯದ ಟಾರ್ಪೆಡೊಗಳ ಆಯ್ಕೆಯನ್ನು ಎಲ್ಲಕ್ಕಿಂತ ಕೊನೆಗೆ ಸೇರಿಸಿಕೊಳ್ಳುವುದು ಒಳ್ಳೆಯದು. 1943ರ ಜುಲೈನಲ್ಲಿ ಅಮೆರಿಕದ ‘ಟಿನೋಸಾ’ ಜಲಾಂತರ್ಗಾಮಿ ಜಪಾನಿನ ‘ಟೋನನ್ ಮಾರು 3’ ಹಡಗನ್ನು ನಿಲ್ಲಿಸಿ, ಲಂಬಕೋನದಲ್ಲಿ ಒಂದರ ಹಿಂದೊಂದು ಟಾರ್ಪೆಡೊ ಬಿಟ್ಟಿತು. ಬಡಿದವು, ಸಿಡಿಯಲಿಲ್ಲ. ನೇರ ಹೊಡೆತಕ್ಕೆ ಸಿಡಿತದ ಕೀಲು ಸಿಕ್ಕಿಕೊಳ್ಳುತ್ತದೆ, ಓರೆ ಹೊಡೆತಕ್ಕೆ ಕೆಲಸ ಮಾಡುತ್ತದೆ ಎಂಬುದು ಆಮೇಲಿನ ಪರೀಕ್ಷೆಗಳಲ್ಲಿ ಬಯಲಾಯಿತು. ಅಲ್ಲಿಯವರೆಗೆ ಅಮೆರಿಕ ನೌಕಾಪಡೆಯ ಶಸ್ತ್ರ ವಿಭಾಗ ಕಪ್ತಾನರ ಗುರಿಯನ್ನೇ ದೂರುತ್ತಿತ್ತು. ಲೆಕ್ಕ ಪಳಗುವ ಮೊದಲೇ ಈ ಆಯ್ಕೆ ತೆರೆದ ಆಟಗಾರನಿಗೂ, ತಪ್ಪು ತನ್ನದೋ ಟಾರ್ಪೆಡೊದ್ದೋ ತಿಳಿಯದು.